ಕೇಕಿನಂಗಡಿಗೆ ಬರೆಯುತ್ತಿದ್ದ ಗುಲಾಬಿ ಹಕ್ಕಿ

ಶರ್ಮಿಳಾಳಿಗೆ ಹನ್ನೊಂದು ದನಿಗಳಿದ್ದವು. ನೌಪಾಡಾದ ಹಲ್ಲಿನ ಡಾಕ್ಟರ ದನಿ, ವಾಗ್ಳೆ ಎಸ್ಟೇಟಿನ ಮಸಾಲೆ ಗಿರಣಿಯ ದನಿ, ಕಾಮೋಠೆಯ ಯೋಗ ಕ್ಲಾಸಿನ ದನಿ, ಹೀಗೆ ಹನ್ನೊಂದು. ಇವರೆಲ್ಲರ ಪರವಾಗಿ ಆನ್‌ಲೈನಿನಲ್ಲಿ ಫೋಟೊ ಹಾಕುವುದು, ಜಾಹೀರಾತು ಓಡಿಸುವುದು, ಗಿರಾಕಿಗಳು ಏನಾದರೂ ಬರೆದು ಕೇಳಿದರೆ ಅಂಗಡಿಯವರೇ ಆಗಿ ಉತ್ತರ ಕೊಡುವುದು ಅವಳ ಕೆಲಸ. ಮಗಳು ಮಾನಸಿ ಐದು ವರ್ಷದವಳಿದ್ದಾಗ ಆಫೀಸಿನ ನೌಕರಿ ಬಿಟ್ಟು, ಡೊಂಬಿವಲಿಯ ಮನೆಯ ಅಡುಗೆ ಕಟ್ಟೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಶುರು ಮಾಡಿದ್ದಳು. ಮನೆಯಲ್ಲೇ ಇರಬಹುದಲ್ಲ ಎಂಬ ಆಸೆ. ಈಗ ಮಾನಸಿಗೆ ಹನ್ನೊಂದು. ಶರ್ಮಿಳಾ ಮನೆಯಲ್ಲೇ ಇರುತ್ತಿದ್ದಳು, ನಿಜ. ಆದರೆ ಇದ್ದೂ ಬೇರೆಲ್ಲೋ ಇರುತ್ತಿದ್ದಳು.

ಎರಡು ನಿಮಿಷದೊಳಗೆ ಉತ್ತರ ಕೊಡುತ್ತೇನೆ ಎನ್ನುವುದು ಅವಳ ಹೆಮ್ಮೆ. ಚಪಾತಿ ಲಟ್ಟಿಸುತ್ತಾ ಡಾಕ್ಟರಾಗುವಳು, ಬಟ್ಟೆ ಒಣಹಾಕುತ್ತಾ ಗಿರಣಿಯಾಗುವಳು. ಮಾನಸಿ ಬಂದು ಏನಾದರೂ ಹೇಳಹೊರಟರೆ ಮಾತ್ರ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: "ಒಂದು ನಿಮಿಷ, ಮಗಾ."

ಗಂಡ ರಂಜನ್ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಅವನದು ಮಧ್ಯಾಹ್ನದ ಪಾಳಿ. ಮನೆಯನ್ನು ನಡೆಸುತ್ತಿದ್ದವರು ಅತ್ತೆ ಜಯಲತಾ. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಅವರ ತುಳುವಿಗೆ ಮುಂಬಯಿಯ ಗಾಳಿ ಸೋಕಿರಲಿಲ್ಲ. ಮಾನಸಿಗೆ ಅಜ್ಜಿಯ ಮಾತೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ.

ಪ್ರತಿ ಶುಕ್ರವಾರ ಬೆಳಗ್ಗೆ ಏಳೂವರೆಗೆ ಬೇಲಾಪುರದ ಒಂದು ಹೋಟೆಲಿನಲ್ಲಿ ನಲವತ್ತು ಮಂದಿ ವ್ಯಾಪಾರಿಗಳು ಸೇರುತ್ತಿದ್ದರು. ಉಪ್ಪಿಟ್ಟು ತಿನ್ನುತ್ತಾ, ಚಹಾ ಕುಡಿಯುತ್ತಾ ಒಬ್ಬರಿಗೊಬ್ಬರು ಗಿರಾಕಿಗಳನ್ನು ಪರಿಚಯಿಸಿಕೊಡುವ ಕೂಟ ಅದು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಮಾತು. ವರ್ಷಕ್ಕೊಮ್ಮೆ ಪಾಳಿ ಬಂದಾಗ ಹತ್ತು ನಿಮಿಷ. ಶರ್ಮಿಳಾಳ ಹನ್ನೊಂದರಲ್ಲಿ ಎಂಟು ಕೆಲಸ ಬಂದದ್ದು ಅಲ್ಲಿಂದಲೇ. ಹಾಗಾಗಿ ಶುಕ್ರವಾರ ಅವಳು ಐದೂಮುಕ್ಕಾಲಿಗೆ ಬಾಗಿಲು ಎಳೆದುಕೊಂಡು ಹೊರಬೀಳುವಳು. ಆಗ ಮನೆಯಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಾರೆ ಎಂದುಕೊಂಡಿದ್ದಳು.

ನವೆಂಬರಿನ ಅಂಥದೊಂದು ಬೆಳಗ್ಗೆ, ಠಾಣೆಯಲ್ಲಿ ಪನವೇಲ್ ಗಾಡಿ ಹತ್ತಿ ಕಿಟಕಿ ಪಕ್ಕ ಕೂತಾಗ ಆ ಮೊದಲ ಸಂದೇಶ ಬಂತು. ಬಂದದ್ದು ಆ ಹನ್ನೊಂದರಲ್ಲಿ ಒಂದಾದ ಕುಶಲಕ್ಕನ ಕೇಕಿನಂಗಡಿಯ ಪೇಜಿಗೆ. ಕಳಿಸಿದವರ ಹೆಸರು 'ಗುಲಾಬಿ ಹಕ್ಕಿ'. ಚಳಿಗಾಲದಲ್ಲಿ ಖಾಡಿಗೆ, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಹಿನ್ನೀರಿಗೆ, ಬಂದಿಳಿಯುವ ಉದ್ದ ಕಾಲಿನ ಫ್ಲೆಮಿಂಗೋದ ಚಿತ್ರ. ಹಿಂದಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪ್ರಶ್ನೆ: "ಬೆಳಗಿನ ಖಾಡಿಯ ಬಣ್ಣದ ಕೇಕ್ ನಿಮ್ಮಲ್ಲಿ ಸಿಗುತ್ತದೆಯೇ?"

ಗಾಡಿ ಆಗಷ್ಟೇ ಕಳ್ವಾ ಬಳಿಯ ಖಾಡಿಯ ಸೇತುವೆ ದಾಟುತ್ತಿತ್ತು. ಶರ್ಮಿಳಾ ತಲೆಯೆತ್ತಿ ನೋಡಿದಳು. ನೀರು ಇದೆಯೋ ಇಲ್ಲವೋ ಎಂಬಂತೆ ಮಂಜು. ಅದರೊಳಗೆ ಎಲ್ಲೋ ಒಂದು ಬಿಳಿ, ಎಲ್ಲೋ ಒಂದು ನಸುಗೆಂಪು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದಾಳೆ, ಖಾಡಿಗೂ ಒಂದು ಬಣ್ಣ ಉಂಟೆಂದು ಅವಳಿಗೆ ತೋಚಿರಲಿಲ್ಲ. ಬೇರೆ ದಿನವಾಗಿದ್ದರೆ ಬೆಲೆಪಟ್ಟಿ ಕಳಿಸಿ ಮುಗಿಸುತ್ತಿದ್ದಳು. ಅವತ್ತು ಬರೆದಳು: "ಸಿಗುತ್ತದೆ. ಆದರೆ ಬಿಸಿಲು ಬಂದ ಮೇಲೆ ಅದರ ಬಣ್ಣ ಉಳಿಯುವುದಿಲ್ಲ."

"ಹಾಗಾದರೆ ಅದನ್ನು ಕಣ್ಣು ಮುಚ್ಚಿಕೊಂಡು ತಿನ್ನಬೇಕಾ?" ಎಂದು ಆ ಕಡೆಯಿಂದ ಬಂತು.

ಶರ್ಮಿಳಾ ಒಬ್ಬಳೇ ನಕ್ಕಳು. ಎದುರು ಕೂತ ಮೀನಿನ ಬುಟ್ಟಿಯ ಹೆಂಗಸೂ ಸುಮ್ಮನೆ ನಕ್ಕಳು.

ಅಲ್ಲಿಂದ ಅದು ದಿನದ ಮಾತಾಯಿತು. ಕೆಲವೊಮ್ಮೆ ಬೆಳ್ಳಂಬೆಳಗ್ಗೆ, ಕೆಲವೊಮ್ಮೆ ಹನ್ನೊಂದು ಗಂಟೆಯ ಸುಮಾರಿಗೆ ಗುಲಾಬಿ ಹಕ್ಕಿ ಬರುವುದು. ಫ್ರಿಜ್ಜಿನ ಒಳಗಿನ ದೀಪ ಆರಿದಾಗ ಕೇಕುಗಳಿಗೆ ಹೆದರಿಕೆಯಾಗುತ್ತದೆಯೇ? ಹೆಸರು ಬರೆಸಿದ ಕೇಕನ್ನು ಯಾರೂ ತೆಗೆದುಕೊಂಡು ಹೋಗದಿದ್ದರೆ ಆ ಹೆಸರನ್ನು ಯಾರು ತಿನ್ನುತ್ತಾರೆ? ಶರ್ಮಿಳಾ ಪ್ರತಿಯೊಂದಕ್ಕೂ ಯೋಚಿಸಿ ಬರೆಯುವಳು. ಹನ್ನೊಂದು ದನಿಗಳಲ್ಲಿ ಯಾವುದೂ ಅಲ್ಲದ, ಅವಳಿಗೇ ಮರೆತುಹೋಗಿದ್ದ ಒಂದು ದನಿ ಹೊರಬರುವುದು. ಹೆಸರು ಬರೆದ ಕೆನೆಯನ್ನು ಇರುವೆಗಳು ಅಕ್ಷರ ಅಕ್ಷರವಾಗಿ ಹೊತ್ತುಕೊಂಡು ಹೋಗಿ ಸರಿಯಾದ ಮನೆ ಹುಡುಕುತ್ತವೆ ಎಂದು ಬರೆದ ದಿನ ಇಡೀ ಹೊತ್ತು ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಕುಶಲಕ್ಕನಿಗೆ ಹೇಳಿದರೆ ಅವರು, "ಬರೀ ಮಾತಾ, ಆರ್ಡರ್ ಗೀರ್ಡರ್ ಉಂಟಾ?" ಎಂದು ಕೇಳಿ ನಕ್ಕರು.

ಭಾನುವಾರ ಊಟಕ್ಕೆ ಕೂತಾಗ ಶರ್ಮಿಳಾ ಈ ಕತೆಯನ್ನು ಮನೆಯವರಿಗೂ ಹೇಳಿದಳು.

"ಪಾಪ, ಯಾರೋ ಒಂಟಿ ಮುದುಕಿ ಇರಬೇಕು," ಎಂದರು ಜಯಲತಾ. "ಮಾತಾಡ್ಲಿಕ್ಕೆ ಮನೇಲಿ ಜನ ಇಲ್ಲ ಕಾಣ್ತದೆ."

ಮಾನಸಿ ತಟ್ಟೆಯಲ್ಲಿ ಅನ್ನವನ್ನು ಗೆರೆ ಎಳೆದಂತೆ ಸರಿಸುತ್ತಾ ಕೇಳಿದಳು, "ಅಮ್ಮಾ, ತುಮ್ ಕೋ ವೋ ಅಚ್ಛೀ ಲಗ್ತೀ ಹೈ ಕ್ಯಾ?"

"ತುಂಬಾ ಇಷ್ಟ ಮಾರಾಯ್ತಿ," ಎಂದು ಶರ್ಮಿಳಾ ಹೇಳುವಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಮಿನುಗಿತು. "ಒಂದು ನಿಮಿಷ," ಎಂದು ಎದ್ದುಹೋದಳು.

ಡಿಸೆಂಬರಿನ ಎರಡನೇ ಶುಕ್ರವಾರ ಕೂಟದಲ್ಲಿ ಶರ್ಮಿಳಾಳ ಹತ್ತು ನಿಮಿಷದ ಪಾಳಿ. ಮೂರು ವಾರ ಕನ್ನಡಿಯ ಮುಂದೆ ನಿಂತು ಹೇಳಿಕೊಂಡಿದ್ದಳು. ಆ ದಿನ ಗಾಡಿಯಲ್ಲಿ ಕಣ್ಣು ಮುಚ್ಚಿ ಮತ್ತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಾಗ, ನೆರೂಳ್ ಬರುವ ಹೊತ್ತಿಗೆ ಗುಲಾಬಿ ಹಕ್ಕಿ ಬಂತು.

"ಕೇಕ್ ಖಾನೇ ಸೇ ಮಂಡೆಬೆಚ್ಚ ಕಮ್ ಹೋತಾ ಹೈ ಕ್ಯಾ? ಮೇರೀ ಅಮ್ಮಾ ಕೋ ಆಜ್ ಬಹುತ್ ಮಂಡೆಬೆಚ್ಚ ಹೈ."

ಮಂಡೆಬೆಚ್ಚ. ಕೇಕ್ ತಿಂದರೆ ಅಮ್ಮನಿಗೆ ಅದು ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಯಲ್ಲಿ ಶರ್ಮಿಳಾಳ ಕಣ್ಣು ಆ ಒಂದು ಮಾತಿನ ಮೇಲೆ ನಿಂತಿತು. ಹಿಂದಿಯ ನಡುವೆ ಸಿಕ್ಕಿಕೊಂಡ ತುಳು ಮಾತು. ತಲೆ ಬಿಸಿಯಾದಾಗೆಲ್ಲ ಅತ್ತೆ ಆಡುವ ಮಾತು. ಈ ನವಿ ಮುಂಬಯಿಯಲ್ಲಿ ತುಳು ಬಲ್ಲವರು ಸಾವಿರಾರು ಮಂದಿ ಇರಬಹುದು, ಯಾರೋ ಇರಬಹುದು ಎಂದು ಒಂದು ಕ್ಷಣ ತನಗೆ ತಾನೇ ಹೇಳಿಕೊಂಡಳು. ಅಂಗಡಿಯ ದನಿಯಲ್ಲೇ ಬರೆದಳು: "ನಿಮ್ಮ ಅಮ್ಮನಿಗೆ ಇವತ್ತು ಏನು ಚಿಂತೆ?"

"ಎಲ್ಲರ ಮುಂದೆ ಹತ್ತು ನಿಮಿಷ ಮಾತಾಡಬೇಕು. ಕನ್ನಡಿ ಮುಂದೆ ಹೇಳುತ್ತಾರೆ. ನನಗೆ ಪೂರ್ತಿ ಬಾಯಿಪಾಠ. ಹೇಳಲಾ?"

ಮತ್ತೆ ಉತ್ತರಕ್ಕೂ ಕಾಯದೆ ಬಂತು, ಸಾಲಿನ ಹಿಂದೆ ಸಾಲು, ಅವಳದೇ ಭಾಷಣ. ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಮಾರುವುದಲ್ಲ, ಕೇಳಿಸಿಕೊಳ್ಳುವುದು. ಎದುರಿನವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಂಡರೆ...

ಶರ್ಮಿಳಾ ಹಳೆಯ ಸಂದೇಶಗಳನ್ನು ಹಿಂದೆ ಹಿಂದೆ ಸರಿಸುತ್ತಾ ಹೋದಳು. ಈಗ ಅವಳು ಓದುತ್ತಿದ್ದುದು ಮಾತುಗಳನ್ನಲ್ಲ, ಪಕ್ಕದಲ್ಲಿದ್ದ ಸಣ್ಣ ಅಂಕಿಗಳನ್ನು. ಹನ್ನೊಂದು ಗಂಟೆ: ಮಾನಸಿ ಮಧ್ಯಾಹ್ನದ ಪಾಳಿಯ ಶಾಲೆಗೆ ಹೊರಡುವ ಮುಂಚಿನ ಹೊತ್ತು, ತಾನು ಅಡುಗೆ ಕಟ್ಟೆಯ ಮೂಲೆಯಲ್ಲಿ ಬೆನ್ನು ಹಾಕಿ ಕೂತಿರುವ ಹೊತ್ತು. ಶುಕ್ರವಾರಗಳಲ್ಲಿ ಮೊದಲ ಸಲ ಆರೂವರೆ, ಆಮೇಲೆ ಐದು ಐವತ್ತು, ಐದು ಐವತ್ತೆರಡು, ಆರು. ಅಂದರೆ ಬಾಗಿಲ ಸದ್ದಿಗೆ ಎದ್ದು ಕೂರುತ್ತಿದ್ದಳು ಮಗಳು. ಅಥವಾ ಅದಕ್ಕೂ ಮೊದಲೇ ಎದ್ದು, ಬಾಗಿಲು ಹಾಕಿಕೊಳ್ಳುವುದನ್ನೇ ಕೇಳುತ್ತಾ ಮಲಗಿರುತ್ತಿದ್ದಳು.

ತಲೆಯೆತ್ತಿದಾಗ ಬೇಲಾಪುರ ಹಿಂದಾಗಿತ್ತು, ಖಾರ್ಘರ್ ಕೂಡ. ಗಾಡಿ ನಿಂತದ್ದು ಮಾನಸರೋವರದಲ್ಲಿ. ಇಳಿದಳು.

ಕಾಮೋಠೆಯ ಮಂದಿ ಹತ್ತುವ ಸ್ಟೇಷನ್ ಅದು. ಹಿಮಾಲಯದ ಹೆಸರು, ಸುತ್ತ ಹುಲ್ಲು, ಜೌಗು, ದೂರದಲ್ಲಿ ಮಂಜಿನ ಮೇಲೆ ತೇಲುವಂತೆ ನಿಂತ ಕಟ್ಟಡಗಳು. ಪ್ಲಾಟ್‌ಫಾರ್ಮು ಉದ್ದಕ್ಕೂ ಖಾಲಿ. ಯಾರದೋ ಕನಸಿನೊಳಗೆ ತಪ್ಪಿ ಇಳಿದೆನೋ ಎನಿಸಿತು ಅವಳಿಗೆ. ಬೆಂಚಿನ ಮೇಲೆ ಕೂತಳು. ಫೋನಿನಲ್ಲಿ ಭಾಷಣ ಮುಗಿದಿತ್ತು. ಕೆಳಗೆ ಒಂದು ಸಾಲು: "ಅಮ್ಮ ಚೆನ್ನಾಗಿ ಹೇಳುತ್ತಾರೆ ಅಲ್ವಾ?"

"ತುಂಬಾ ಚೆನ್ನಾಗಿ," ಎಂದು ಬರೆದಳು. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು.

ಕೂಟದ ಮುಖ್ಯಸ್ಥ ಯಶ್ವಂತ್ ಅವರ ಫೋನ್ ಬಂತು. "ಎಲ್ಲಿದ್ದೀರಿ ಶರ್ಮಿಳಾಜಿ? ಎಲ್ಲರೂ ಬಂದಾಯ್ತು."

"ಸ್ಟೇಷನ್ ತಪ್ಪಿತು ಸರ್. ಮಾನಸರೋವರದಲ್ಲಿದ್ದೇನೆ."

"ಅಷ್ಟೇ ತಾನೇ? ಎರಡು ಸ್ಟೇಷನ್. ಬನ್ನಿ, ನಿಮ್ಮನ್ನು ಕೊನೆಗೆ ಇಡುತ್ತೇನೆ."

ಬರುತ್ತೇನೆ ಎಂದಳು. ಬರುವ ಮನಸ್ಸಿನಿಂದಲೇ ವಾಪಸ್ಸಿನ ಗಾಡಿ ಹತ್ತಿದಳು. ಬೇಲಾಪುರ ಬಂತು. ಎದ್ದು ಬಾಗಿಲಿನ ಕಂಬ ಹಿಡಿದು ನಿಂತಳು. ಜನ ಇಳಿದರು, ಜನ ಹತ್ತಿದರು, ಯಾರೋ "ಇಳಿಯುವವರಾ?" ಎಂದು ಮರಾಠಿಯಲ್ಲಿ ಕೇಳಿದರು. ಅವಳು ಇಳಿಯಲಿಲ್ಲ. ಯಾಕೆಂದು ಕೇಳಿದರೆ ಇವತ್ತಿಗೂ ಅವಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಗಾಡಿ ಹೊರಟ ಮೇಲೆ ಯಶ್ವಂತ್‌ರಿಗೆ ಫೋನ್ ಮಾಡಿ, "ತಪ್ಪಾಯಿತು ಸರ್, ನನ್ನ ಪಾಳಿ ಬೇರೆಯವರಿಗೆ ಕೊಡಿ," ಎಂದಳು. ಆ ಕಡೆಯಿಂದ ಅವರು, "ಮತ್ತೆ ಪಾಳಿ ಬರಲಿಕ್ಕೆ ಒಂದು ವರ್ಷ ಬೇಕು, ಗೊತ್ತಲ್ಲ," ಎಂದರು. ಗೊತ್ತು ಎಂದಳು.

ಒಂಬತ್ತೂವರೆಗೆ ಅವಳು ಬಾಗಿಲು ತಟ್ಟಿದಾಗ ತೆರೆದವರು ಜಯಲತಾ. "ದಾದ ಆಂಡ್? ಎಂತಾಯ್ತು, ಹುಷಾರಿಲ್ವಾ?"

"ಏನಿಲ್ಲ ಅತ್ತೆ. ಮಾನಸಿ ಎಲ್ಲಿ?"

"ಒಳಗೆ. ನನ್ನ ಫೋನ್ ಹಿಡ್ಕೊಂಡು ಕೂತಿದ್ದಾಳೆ. ಎಂತದೋ ಗೇಮ್ ಅಂತೆ."

ಮಾನಸಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದವಳು ಅಮ್ಮನನ್ನು ಕಂಡು ಫೋನನ್ನು ದಿಂಬಿನ ಕೆಳಗೆ ತಳ್ಳಿದಳು. ಶರ್ಮಿಳಾ ತನ್ನ ಫೋನನ್ನೂ ತೆಗೆದು ಅದರ ಪಕ್ಕದಲ್ಲೇ ದಿಂಬಿನ ಕೆಳಗಿಟ್ಟು ಮಗಳ ಬಳಿ ಕೂತಳು. ಆಮೇಲೆ ಶರ್ಮಿಳಾ ಮೆತ್ತಗೆ ಕೇಳಿದಳು, "ಉತ್ತರ ಬರೆಯೋದು ನಾನೇ ಅಂತ ನಿಂಗೆ ಗೊತ್ತಿತ್ತಾ?"

"ಪತಾ ಥಾ," ಎಂದು ಮಾನಸಿ ಹೌದೆಂಬಂತೆ ತಲೆಯಾಡಿಸಿದಳು.

"ಮತ್ತೆ ಅಲ್ಲಿಗೆ ಯಾಕೆ ಬರೆದೆ ಮಗಾ? ನಾನು ಇಲ್ಲೇ ಇರ್ತೇನಲ್ಲ."

ಮಾನಸಿ ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳಂತೆ ಹೇಳಿದಳು, "ಉಧರ್ ತುಮ್ ಅಚ್ಛೇ ಸೇ ಬಾತ್ ಕರ್ತೀ ಹೋ."

ಅಲ್ಲಿ ನೀನು ಚೆನ್ನಾಗಿ ಮಾತಾಡ್ತೀ. ಶರ್ಮಿಳಾ ಆ ಮಾತನ್ನು ಕನ್ನಡದಲ್ಲಿ, ತುಳುವಿನಲ್ಲಿ, ಎಲ್ಲದರಲ್ಲೂ ತಿರುಗಿಸಿ ನೋಡಿದಳು. ಯಾವ ಭಾಷೆಯಲ್ಲೂ ಅದು ಹಗುರವಾಗಲಿಲ್ಲ. ಮಗಳನ್ನು ಎಳೆದು ಒರಗಿಸಿಕೊಂಡಳು. ಆ ಬೆಳಗ್ಗೆ ಹನ್ನೊಂದು ದನಿಗಳೂ ದಿಂಬಿನ ಕೆಳಗೆ ಗುಂಯ್‌ಗುಡುತ್ತಲೇ ಇದ್ದವು.

ಮುಂದೆ ಎಲ್ಲವೂ ಒಮ್ಮೆಲೇ ಸರಿಹೋಯಿತು ಎಂದೇನೂ ಅಲ್ಲ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಉತ್ತರ ಸಿಗದು ಎಂದು ಶರ್ಮಿಳಾ ತನ್ನ ಗಿರಾಕಿಗಳಿಗೆಲ್ಲ ಹೇಳಿದಳು. ಮಸಾಲೆ ಗಿರಣಿಯವರು ಬೇರೆಯವರನ್ನು ಹುಡುಕಿಕೊಂಡರು. ಕೂಟದಲ್ಲಿ ಕೆಲವರು ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಶುಕ್ರವಾರಗಳಲ್ಲಿ ಹೋಗುವುದನ್ನು ಅವಳು ಬಿಡಲಿಲ್ಲ, ಹೊಟ್ಟೆಪಾಡಲ್ಲವೇ. ಹೊರಡುವ ಮುಂಚೆ ಕತ್ತಲ ಕೋಣೆಯಲ್ಲಿ ಮಗಳ ಪಕ್ಕ ಹತ್ತು ನಿಮಿಷ ಕೂತು ಹೋಗುವಳು. ರಂಜನ್ ನಿದ್ದೆಗಣ್ಣಿನಲ್ಲೇ "ಗಾಡಿ ತಪ್ಪೀತು ಮಾರಾಯ್ತಿ," ಎನ್ನುವನು. ಗುಲಾಬಿ ಹಕ್ಕಿಯೂ ಒಮ್ಮೊಮ್ಮೆ ಬರುತ್ತಿತ್ತು. ಕೆಲವು ಮಾತುಗಳಿಗೆ ಆ ದಾರಿಯೇ ಸಲೀಸು ಎಂದು ಇಬ್ಬರಿಗೂ ಅರ್ಥವಾಗಿತ್ತು.

ಜನವರಿಯಲ್ಲಿ ಕಲ್ಯಾಣದ ಒಂದು ಗಾದಿ ಅಂಗಡಿಯಿಂದ ಹೊಸ ಕೆಲಸ ಬಂತು. ಅಂಗಡಿಯ ಸಿದ್ರಾಮ ವಿಜಯಪುರದ ಕಡೆಯವರು. ಹತ್ತಿ ಹಿಂಜುವ ಕೆಲಸಕ್ಕೆ ಬಂದು, ಈಗ ಸ್ವಂತ ಅಂಗಡಿ ಮಾಡಿದ್ದರು. ಶನಿವಾರ ಶಾಲೆಗೆ ರಜೆ ಇತ್ತು. ಫೋಟೊ ತೆಗೆಯಲು ಹೊರಟಾಗ ಮಾನಸಿಯೂ ಜೊತೆಗೆ ಬಂದಳು.

ಅಂಗಡಿಯ ತುಂಬ ಗಾದಿಗಳು. ಎತ್ತರದ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಎಲ್ಲಿಗೂ ಹೋಗುವ ಅವಸರವಿಲ್ಲದಂತೆ ತೇಲುತ್ತಿದ್ದವು. ಫೋಟೊದಲ್ಲಿ ಯಾರಾದರೂ ಇದ್ದರೆ ಚೆನ್ನ ಎಂದು ಮಾನಸಿಯನ್ನು ಒಂದರ ಮೇಲೆ ಮಲಗಿಸಿದರು. ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ ಅವಳಿಗೆ ನಿಜವಾಗಿಯೂ ನಿದ್ದೆ ಹತ್ತಿತು. ಶರ್ಮಿಳಾ ಎಬ್ಬಿಸಲು ಬಾಗಿದಳು.

"ಮಲಗಲಿ ಬಿಡ್ರೀ ಅಕ್ಕಾರ," ಎಂದರು ಸಿದ್ರಾಮ ಮೆಲ್ಲಗೆ. "ಅಂಗಡಿಗೆ ಬಂದ ಮಂದಿ ಗಾದಿ ಒತ್ತಿ ನೋಡಿ ಹೋಗ್ತಾರ. ನಿದ್ದಿ ಮಾಡಿದ್ದು ಒಬ್ಬರನ್ನೂ ನೋಡಿಲ್ಲ ನಾ. ನೀವೂ ಒಂಚೂರು ಅಡ್ಡಾಗ್ರಿ. ನಾ ಚಾ ಕುಡದು ಬರ್ತೀನಿ."

ಅವರು ಬಾಗಿಲನ್ನು ಅರ್ಧ ಮುಚ್ಚಿ ಹೊರಟುಹೋದರು. ಬೀದಿಯ ಗದ್ದಲ ದೂರದ ನೀರಿನ ಸದ್ದಿನಂತಾಯಿತು. ಶರ್ಮಿಳಾ ಚಪ್ಪಲಿ ಕಳಚಿ ಮಗಳ ಪಕ್ಕ ಮೈ ಚಾಚಿದಳು. ಮಾನಸಿ ನಿದ್ದೆಯಲ್ಲೇ ಹೊರಳಿ ತುಳುವಿನಲ್ಲಿ ಏನೋ ಅಂದಳು. ಏನಂದಳೋ ತಿಳಿಯಲಿಲ್ಲ. ಇನ್ನೊಮ್ಮೆ ಅಂದಾಳೆಂದು ಶರ್ಮಿಳಾ ಉಸಿರು ಬಿಗಿಹಿಡಿದು ಕಾಯುತ್ತಾ ಮಲಗಿದಳು.