ಹಿಮದಿಂದ ಬಂದವನ ಹೆಸರು

ಸತ್ತವನು ಜೂನ್ ಮೊದಲ ವಾರ ಊಟದ ಹೊತ್ತಿಗೆ ಸರಿಯಾಗಿ ಬಂದ. ಬಾಗಿಲು ತಳ್ಳಿ, ಕಪ್ಪುಗಟ್ಟಿದ ಮೂಗು ಒರೆಸಿಕೊಂಡು, "ಅವ್ವಾ, ತಿನ್ನೋಕೆ ಏನಾದ್ರೂ ಇದೆಯಾ?" ಎಂದು ತಾಯಿಯನ್ನು ಕೇಳಿದ. ಸೆವೆರಿನ್ ಕೈಯಲ್ಲಿದ್ದ ಸೀಲ್ ಮಾಂಸದ ಪಾತ್ರೆ ನೆಲಕ್ಕೆ ಬಿತ್ತು. ಹೊಸ್ತಿಲಲ್ಲಿ ನಿಂತವನು ಅವಳ ತಮ್ಮ ಎನೋಕ್. ಅವಳ ತೊಗಲಂಗಿಯ ಬೆನ್ನುಚೀಲದಲ್ಲಿ ನಿದ್ದೆ ಹೋಗಿದ್ದ ಕೂಸಿನ ಹೆಸರೂ ಎನೋಕ್.

ಯಾರನ್ನು ಬೈಯೋಣ ಹೇಳಿ? ಗ್ರೀನ್‌ಲ್ಯಾಂಡಿನ ಒಳನಾಡಿಗೆ, ಆ ಮಹಾಹಿಮದ ಮೇಲಕ್ಕೆ, ನಮ್ಮವರು ಯಾರೂ ಸುಮ್ಮನೆ ಹೋಗುವವರಲ್ಲ. ಪರದೇಶದ ವಿಜ್ಞಾನಿಗಳು ಬಂದರು. ಸಿಡಿಮದ್ದು ಸಿಡಿಸುವುದು, ಸದ್ದು ಹಿಮದ ತಳ ಮುಟ್ಟಿ ತಿರುಗಿ ಬರುವುದನ್ನು ಯಂತ್ರದಲ್ಲಿ ಕೇಳುವುದು, ಹಿಮ ಎಷ್ಟು ದಪ್ಪ ಎಂದು ಬರೆದುಕೊಳ್ಳುವುದು. ಊರವರು ಅವರಿಗೆ 'ಕಿವಿಯವರು' ಎಂದೇ ಹೆಸರಿಟ್ಟರು. ಅವರಿಗೆ ಸೀಮೆಎಣ್ಣೆ ಒಯ್ಯಲು ಎನೋಕ್ ನಾಯಿಗಾಡಿ ಕಟ್ಟಿದ್ದ. ಅಕ್ಟೋಬರಿನಲ್ಲಿ ಇನ್ನೊಬ್ಬ ಗಾಡಿಯವನು ಓಡಿ ಬಂದು, ಹಿಮದ ಬಿರುಕೊಂದರ ಬಾಯಲ್ಲಿ ಎನೋಕನ ಗಾಡಿ ತಲೆಕೆಳಗಾಗಿ ಬಿದ್ದಿದೆ, ಆಳೂ ಇಲ್ಲ ನಾಯಿಯೂ ಇಲ್ಲ ಎಂದ. ಅವನನ್ನೂ ಸೆವೆರಿನಳನ್ನೂ ಹೆತ್ತ ತಾಯಿ, ಬೋಲೆತ್ತೆ ಎಂದು ಅವಳ ಹೆಸರು, ಮೂರು ದಿನ ಬಾಯಿಗೆ ತುತ್ತಿಡಲಿಲ್ಲ.

ಆಮೇಲೆ ಸೆವೆರಿನ್ ಗಂಡು ಹೆತ್ತಳು. ಸತ್ತವನ ಹೆಸರಿಟ್ಟರೆ ಸತ್ತವನೇ ಮನೆಗೆ ಬಂದ ಹಾಗೆ. ಅಂದಿನಿಂದ ಮುದುಕಿ ಮೊಮ್ಮಗನನ್ನು "ಮಗನೇ" ಎಂದಳು. ಸೆವೆರಿನ್ ತಾನು ಹೆತ್ತ ಕೂಸನ್ನೇ "ತಮ್ಮಾ" ಎಂದಳು. ಬದುಕಿರುವವನ ಹೆಸರನ್ನು ಮಾತ್ರ ಯಾರೂ ಇಡುವುದಿಲ್ಲ. ಒಂದು ಹೆಸರಿಗೆ ಎರಡು ಮೈಯಾದರೆ ಎರಡರಲ್ಲೊಂದು ಹೋಗುತ್ತದೆ.

ಸತ್ತನೆಂದುಕೊಂಡಿದ್ದ ಇವನೋ, ಬಿರುಕಿನಿಂದ ತೆವಳಿ ಹೊರಬಂದು, ದಾರಿಗುರುತಿಗೆ ನೆಟ್ಟ ಕರಿ ಬಾವುಟಗಳನ್ನು ಎಣಿಸುತ್ತ ನಡೆದು, ಕಿವಿಯವರು ಹಿಮದಲ್ಲಿ ತೋಡಿಕೊಂಡಿದ್ದ ಗುಂಡಿ ಸೇರಿ, ಊರಿಗೆ ಸುದ್ದಿ ಕಳಿಸುವ ದಾರಿಯಿಲ್ಲದೆ ಚಳಿಗಾಲವೆಲ್ಲ ಅಲ್ಲೇ ಕಳೆದಿದ್ದ. ಅವರ ಡಾಕ್ಟರು ಏಳು ಕಾಲ್ಬೆರಳು ಕತ್ತರಿಸಿ ಎಸೆದಿದ್ದ.

"ಅಲ್ಲಿ ಏನಿದೆಯೋ?" ಎಂದಳು ಸೆವೆರಿನ್.

"ಏನೂ ಇಲ್ಲ ಕಣಕ್ಕ. ಹಕ್ಕಿ ಇಲ್ಲ, ಕಲ್ಲಿಲ್ಲ, ಒಂದು ವಾಸನೆ ಕೂಡ ಇಲ್ಲ. ನೀನು ಬೈಯೋದನ್ನ ನೆನೆಸಿಕೊಂಡು ನಿದ್ದೆ ಮಾಡ್ತಿದ್ದೆ."

ಅವಳು ಅಳುತ್ತಲೇ ನಕ್ಕಳು. ಬೋಲೆತ್ತೆ ನಗಲಿಲ್ಲ. ಕೂಸನ್ನು ಎತ್ತಿಕೊಂಡು ಮೂಲೆಗೆ ಹೋಗಿ ಕೂತಳು.

ಮರುವಾರ ವರ್ಷದ ಮೊದಲ ಹಡಗು ಬಂತು. ಹಡಗಿನ ಜೊತೆ ಎಂದಿನಂತೆ ಕೆಮ್ಮೂ ಬಂತು. ಅರ್ಧ ಊರು ಕೆಮ್ಮುತ್ತಿತ್ತು, ಕೂಸಿಗೂ ಜ್ವರ ಏರಿತು. ಇದು ಹಡಗಿನ ಕೆಮ್ಮು ಎಂದು ಸೆವೆರಿನ್‌ಗೆ ಗೊತ್ತಿತ್ತು. ಆದರೆ ಕೂಸು ಉಸಿರಿಗೆ ಒದ್ದಾಡುವಾಗ ಗೊತ್ತಿದ್ದದ್ದು ಯಾವ ತಾಯಿಗೆ ಉಪಯೋಗಕ್ಕೆ ಬರುತ್ತದೆ? ಇಗರ್ಜಿಯ ಉಪದೇಶಿಯ ಮನೆಗೆ ಓಡಿದಳು.

"ಕೂಸಿನ ಹೆಸರು ಬದಲಾಯಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ದೇವರ ನೀರು ಬಿದ್ದ ಹೆಸರು ಕಣಮ್ಮ," ಎಂದ ಆ ಪುಣ್ಯಾತ್ಮ. "ಬೂಟೇನು, ಬಿಗಿಯಾಯ್ತು ಅಂತ ಬದಲಾಯಿಸೋಕೆ?"

ಮನೆಗೆ ಬಂದರೆ ಬೋಲೆತ್ತೆ ಗೋಡೆ ಕಡೆ ತಿರುಗಿ ಕೂತಿದ್ದಳು. "ನನ್ನ ಮಗ ನನ್ನ ಮಡಿಲಲ್ಲಿದ್ದಾನೆ. ಇನ್ನೊಬ್ಬ ಯಾಕೆ ಬಂದ?"

ಎನೋಕ್ ಅಲ್ಲೇ ಕೂತು ಬೂಟಿಗೆ ಕೊಬ್ಬು ಸವರುತ್ತಿದ್ದ. ಬಾಯಿ ಮುಚ್ಚೇ ಅವ್ವ ಎಂದು ಸೆವೆರಿನ್ ಗದರಬೇಕಿತ್ತು. ಗದರಲಿಲ್ಲ. ಅವಳ ಮನಸ್ಸಲ್ಲೂ ಅದೇ ಮಾತಿತ್ತು.

ಮಾರನೆಯ ದಿನ ಅವನು ಕಿವಿಯವರ ಗಾಡಿಗೆ ಮತ್ತೆ ಹೆಸರು ಕೊಟ್ಟು ಬಂದ. ದಾರಿ ಬಲ್ಲವನು ಸಿಕ್ಕಿದನಲ್ಲ ಎಂದು ಅವರಿಗೆ ಹಿಗ್ಗೋ ಹಿಗ್ಗು.

"ಬೆರಳಿಲ್ಲದ ಕಾಲಲ್ಲಿ ಹೋಗ್ತೀಯಾ? ತಲೆ ಕೆಟ್ಟಿದೆಯೇನೋ ನಿಂಗೆ?"

"ನಾಯಿಗಳಿಗಿವೆಯಲ್ಲ ಬೆರಳು." ಅವನು ಬಗ್ಗಿ ಕೂಸಿನ ಬಿಸಿ ಹಣೆ ಮೂಸಿದ. "ಹೆಸರು ಇವನಿಗೇ ಇರಲಿ ಅಕ್ಕ. ಇನ್ಮೇಲೆ ನನ್ನನ್ನ ಹಾಗೆ ಕರೀಬೇಡ. ಕರೆದ್ರೂ ನಾನು ತಿರುಗೋನಲ್ಲ. ತಿರುಗಿದ್ರೆ ಹೆಸರು ನಂದೂ ಅಂತ ಒಪ್ಪಿಕೊಂಡ ಹಾಗೆ."

ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕೂಸಿನ ಎದೆ ಗೊರಗೊರ ಎನ್ನುತ್ತಿತ್ತು.

ಗಾಡಿಗಳು ಹೊರಡುವ ದಿನ ಬೆಳಿಗ್ಗೆ ಕೂಸು ಬೆವರಿತು. ಜ್ವರ ಬಿಟ್ಟಿತ್ತು! ಮೊಲೆ ಕಚ್ಚಿ ಜಗ್ಗಿ ಕುಡಿಯಿತು. ಸೆವೆರಿನ್ ಅದನ್ನು ಬೆನ್ನುಚೀಲಕ್ಕೆ ತುರುಕಿಕೊಂಡು ಓಡಿದಳು. ಕಲ್ಲುಗುಡ್ಡದ ನೆತ್ತಿ ಹತ್ತುವ ಹೊತ್ತಿಗೆ ಗಾಡಿಗಳು ಆಗಲೇ ಹಿಮದ ಅಂಚು ಹತ್ತುತ್ತಿದ್ದವು. ಕೊನೆಯ ಗಾಡಿಯ ಪಕ್ಕ ಕುಂಟುತ್ತ ಒಬ್ಬ ಹೋಗುತ್ತಿದ್ದ. ಆಚೆಗೆ ಬರೀ ಬಿಳುಪು.

"ಎನೋಕ್! ತಮ್ಮಾ! ಜ್ವರ ಬಿಟ್ಟಿದೆ ಕಣೋ, ಬಾರೋ!"

ಚಾವಟಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಕೇಳಿಸಿತ್ತು ಅವನಿಗೆ. ಬೆನ್ನುಚೀಲದಲ್ಲಿ ಕೂಸು ತನ್ನ ಹೆಸರು ಕೇಳಿ ಕಾಲು ಝಾಡಿಸಿ "ಊಂ" ಎಂದಿತು. ಚಾವಟಿ ಕೆಳಗಿಳಿಯಿತು, ನಾಯಿಗಳು ಎಳೆದವು. ಅವನು ತಿರುಗಲಿಲ್ಲ.

ಸೆವೆರಿನ್ ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದಳು. ಅಷ್ಟರಲ್ಲಿ ಬೋಲೆತ್ತೆ ಏದುಸಿರು ಬಿಡುತ್ತ ಹತ್ತಿ ಬಂದು, ಮಗಳ ಬೆನ್ನ ಮೇಲಿನ ಕೂಸಿನ ಮೂಗು ಒರೆಸಿದಳು.

"ಯಾರನ್ನೇ ಕೂಗ್ತಿದ್ದೀಯಾ ಅಷ್ಟು ಜೋರಾಗಿ? ನಿನ್ನ ತಮ್ಮ ಇಲ್ಲೇ ಇದ್ದಾನಲ್ಲ."