ಸ್ಕ್ರೂವಿನ ಮೇಲಿನ ಕೆಂಪು ಚುಕ್ಕೆ

ಟಿಜೋ ಮರ ಕೊಯ್ಯುವ ಮಿಷನ್ ತಂದ ದಿನ ಅದರ ಶಬ್ದಕ್ಕೆ ಶಿರಾಡಿ ಕಾಡಿನ ಆನೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಸಕಲೇಶಪುರಕ್ಕೆ ಹೋದವು. ನಾನು ಹೀಗೆ ಹೇಳಿದರೆ ನೆಲ್ಯಾಡಿಯಲ್ಲಿ ಎಲ್ಲರೂ ಮುಕ್ಕಾಲು ಪಾಲು ಕಳೆದು ಕೇಳುತ್ತಾರೆ. ಮುಂದಿನದರಲ್ಲಿ ಕಳೆಯಲಿಕ್ಕೆ ಏನೂ ಇಲ್ಲ.

ಟಿಜೋ ನಮ್ಮ ಬೇಲಿಯ ಆಚೆ ಬದಿಯ ವಲ್ಸಾಳ ಮಗ. ನಾನೂ ವಲ್ಸಾಳೂ ಒಂದೇ ವರ್ಷ ಗಂಡನನ್ನು ಕಳಕೊಂಡವರು. ಹಾಲು ಮುಗಿದ ರಬ್ಬರ್ ಮರ ಕಡಿದು ಕೊಡುವುದು ಅವನ ಕೆಲಸ. ಎಂಟು ವರ್ಷ ಬೇರೆಯವರ ಮಿಷನಿನಲ್ಲಿ ದುಡಿದು, ಕಡಬದ ಅಂಗಡಿಯಿಂದ ತನ್ನದೇ ಒಂದನ್ನು ತಂದಿದ್ದ. ಜಗಲಿಯಲ್ಲಿ ಮೈ ಒರೆಸುವ ಹೊಸ ಬೈರಾಸು ಹಾಸಿ ಅದರ ಮೇಲೆ ಇಟ್ಟಿದ್ದ. ತೊಟ್ಟಿಲ ಮಗುವಿಗೂ ಅಷ್ಟು ಮೆತ್ತಗೆ ಹಾಸುವುದಿಲ್ಲ.

ಅವನ ತಂಗಿ ಮಿನು ಇಂಗ್ಲಿಷ್ ಪುಸ್ತಕ ಓದಿ ಹೇಳಿದಳು. “ಮಿಷನಿಗೆ ಒಂದು ವರ್ಷ ವಾರಂಟಿ. ಹೊಗೆಯ ಭಾಗಕ್ಕೆ ಬೇರೆ, ಎರಡು ವರ್ಷ.”

“ಹೊಗೆಗೂ ಉಂಟಾ?” ಎಂದೆ ನಾನು. “ನಮ್ಮ ಯಜಮಾನ್ರು ನಲ್ವತ್ತು ವರ್ಷ ಬೀಡಿ ಎಳೆದ್ರು. ಒಬ್ಬನೂ ವಾರಂಟಿ ಕೊಡ್ಲಿಲ್ಲ.”

“ಹಾಗಲ್ಲ ದೇವಕಿಯಕ್ಕ. ಹೊಗೆ ಹೆಚ್ಚು ಬಂದ್ರೆ ಅವ್ರೇ ಸರಿ ಮಾಡಿ ಕೊಡುದು. ನಾವು ಬಿಚ್ಚಿದ್ರೆ ಮಾತ್ರ ಇಲ್ಲ.”

“ಸಾಕು, ಅಷ್ಟು ಗೊತ್ತಾದ್ರೆ ಆಯ್ತು,” ಎಂದು ಟಿಜೋ ಪುಸ್ತಕ ಮುಚ್ಚಿಸಿದ.

ಮಿಷನಿನ ಬದಿಯಲ್ಲಿ ಮೂರು ಸಣ್ಣ ಸ್ಕ್ರೂ. ಮೂರರ ಮೇಲೂ ಉಗುರಿಗೆ ಹಚ್ಚುವಂಥ ಕೆಂಪು ಬಣ್ಣದ ಚುಕ್ಕೆ. ಚುಕ್ಕೆ ಒಡೆದರೆ ವಾರಂಟಿ ಹೋಯಿತು ಎಂದು ಅಂಗಡಿಯವನು ಹೇಳಿ ಕಳಿಸಿದ್ದನಂತೆ. ಟಿಜೋ ಆ ಚುಕ್ಕೆಗಳ ಮೇಲೆ ನೊಣ ಕೂರಲಿಕ್ಕೂ ಬಿಡುತ್ತಿರಲಿಲ್ಲ.

ಮಿಷನಿನ ಜೊತೆ ಒಂದು ಪ್ಯಾಂಟ್ ಸಹ ಬಂದಿತ್ತು. ಕಿತ್ತಳೆ ಬಣ್ಣ, ಹಾಸಿಗೆಯಷ್ಟು ದಪ್ಪ. ಗರಗಸದ ಚೈನು ತಾಗಿದರೆ ಒಳಗಿನ ನೂಲು ಅದಕ್ಕೆ ಸುತ್ತಿಕೊಂಡು ನಿಲ್ಲಿಸಿಬಿಡುತ್ತದಂತೆ. ಫೆಬ್ರವರಿಯಲ್ಲಿ ನನ್ನ ತೋಟದ ನೂರೈವತ್ತು ಮರ ಕಡಿಯಲು ಟಿಜೋ ಅದನ್ನೇ ಹಾಕಿಕೊಂಡು ಬಂದ.

“ಯಕ್ಷಗಾನದ ಬಣ್ಣದ ವೇಷ ಬಂತು,” ಎಂದೆ ನಾನು. “ಚೆಂಡೆಯವ್ರು ಎಲ್ಲಿ?”

ಸೌದೆ ಹೊರುವವರು ಮರಕ್ಕೆ ಒರಗಿ ನಕ್ಕರು. ಇಡೀ ದಿನ ಅವನು ದಾಟಿದಲ್ಲೆಲ್ಲ ಬಾಯಲ್ಲೇ ಚೆಂಡೆ ಬಡಿದರು. ಮರುದಿನ ಅವನು ಲುಂಗಿ ಮಡಚಿ ಕಟ್ಟಿಕೊಂಡು ಬಂದ. ನನ್ನ ಮಾತು ಅಷ್ಟು ಚೆನ್ನಾಗಿ ತಾಗಿತಲ್ಲ ಎಂದು ನನಗೆ ಖುಷಿಯಾಗಿತ್ತು.

ಮರಗಳಲ್ಲಿ ಅರ್ಧ ಮುಗಿಯುವಾಗ ಮಿಷನ್ ಹಟ ಹಿಡಿಯಿತು. ಬೆರಳು ಬಿಟ್ಟರೂ ಚೈನು ನಿಲ್ಲದೆ ತಿರುಗುತ್ತಿತ್ತು.

“ಎಂತ ಮಾರಾಯ, ಬಿಟ್ಟ ಮೇಲೂ ತಿರುಗ್ತದೆ?”

“ಎಂಜಿನ್ ಸುಮ್ನೆ ಇರುವಾಗ್ಲೂ ಜೋರು ಓಡ್ತದೆ ಅಕ್ಕ. ಒಂದು ಸ್ಕ್ರೂ ತಿರುಗಿಸಿದ್ರೆ ಸರಿಯಾದೀತು.”

“ತಿರುಗ್ಸು ಮತ್ತೆ.”

“ಚುಕ್ಕೆ ಉಂಟಲ್ಲ. ಒಡೆದ್ರೆ ಎರಡು ವರ್ಷದ್ದು ಹೋಯ್ತು. ಅಂಗಡಿಯವ್ರು ಸೋಮವಾರ ಬಂದು ನೋಡ್ತಾರಂತೆ.”

“ಹಿಡಿಯ ಎದುರು ಚೈನು ನಿಲ್ಲಿಸುವ ಬ್ರೇಕ್ ಉಂಟಲ್ಲ?”

“ಅದು ಹಾಕಿದ್ರೆ ಒಳಗೆ ಸುಟ್ಟ ವಾಸನೆ. ಅದಕ್ಕೂ ವಾರಂಟಿ ಹೋದ್ರೆ?”

ಅಂದು ಗುರುವಾರ. ಸೌದೆಯ ಲಾರಿ ಶನಿವಾರಕ್ಕೆ ಹೇಳಿಯಾಗಿತ್ತು. ನಾನು ಸುಮ್ಮನಿರಬಹುದಿತ್ತು.

“ಸೋಮವಾರದವರೆಗೆ ಮಿಷನಿಗೆ ಆರತಿ ಎತ್ತುದಾ? ನನ್ನ ಅಜ್ಜಿ ಸೊಂಟದಲ್ಲಿ ಮಗು ಇಟ್ಕೊಂಡು ಒಂದೇ ಕೈಯಲ್ಲಿ ಹಲಸಿನ ಮರ ಕಡಿದವಳು. ಅದೂ ಮೊಂಡು ಕತ್ತಿಯಲ್ಲಿ.”

“ಹಾಗಾದ್ರೆ ಅವ್ರನ್ನೇ ಕರೀರಿ. ನಾನು ಮನೆಗೆ ಹೋಗಿ ಮಲಗ್ತೇನೆ,” ಎಂದು ನಕ್ಕ. ಆದರೆ ಮನೆಗೆ ಹೋಗಲಿಲ್ಲ. ಹಗ್ಗ ಎಳೆದು ಮಿಷನ್ ಚಾಲು ಮಾಡಿದ.

ಆ ತಿಂಗಳು ರಬ್ಬರ್ ಮರ ಎಲೆ ಉದುರಿಸಿ ಬೋಳಾಗಿರುತ್ತದೆ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ತರಗೆಲೆ. ಅಲ್ಲ, ಪಾದ ಮುಳುಗುವಷ್ಟು. ಅಡಿಯಲ್ಲಿ ಹಳೆಯ ರಬ್ಬರ್ ಬೀಜ, ಗೋಲಿಯ ಹಾಗೆ ಜಾರುತ್ತದೆ. ಟಿಜೋ ಒಂದು ಮರ ಬೀಳಿಸಿ, ಓಡುತ್ತಿದ್ದ ಮಿಷನನ್ನು ಕೈಯಲ್ಲಿ ಹಿಡಿದೇ ಇನ್ನೊಂದರ ಕಡೆಗೆ ನಡೆದ. ನಾನು ಮಜ್ಜಿಗೆಯ ಚೆಂಬು ಹಿಡಿದು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ಬಿದ್ದ ದಿಮ್ಮಿ ದಾಟಲು ಕಾಲೆತ್ತಿದ. ನೆಲದಲ್ಲಿದ್ದ ಕಾಲು ಜಾರಿತು.

ಅವನ ಬೆರಳು ಗುಂಡಿಯ ಮೇಲೆ ಇರಲಿಲ್ಲ. ಚೈನು ತಾನೇ ತಿರುಗುತ್ತಿತ್ತು. ಮಿಷನಿನ ಶಬ್ದ ಒಂಚೂರೂ ಬದಲಾಗಲಿಲ್ಲ. ಅದಕ್ಕೆ ಮರವೂ ಒಂದೇ, ತೊಡೆಯೂ ಒಂದೇ.

ಸೌದೆಯವರು ಮಿಷನ್ ನಿಲ್ಲಿಸಿದರು. ನಾನು ನನ್ನ ಸೀರೆಯ ಸೆರಗು ಹರಿದು ಬಿಗಿದೆ. ಊರಿನ ಹಸನಬ್ಬನ ಬಾಡಿಗೆ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಹೊರಟೆವು. ಟಿಜೋನ ತಲೆ ನನ್ನ ಮಡಿಲಲ್ಲಿತ್ತು.

“ಅಕ್ಕ, ಚುಕ್ಕೆ ಒಡೆಯಲಿಲ್ಲ ಅಲ್ವಾ?” ಎಂದು ದಾರಿಯಲ್ಲಿ ಎರಡು ಸಲ ಕೇಳಿದ.

“ಇಲ್ಲ ಮಗ,” ಎಂದೆ. ನಾನು ನೋಡಿರಲಿಲ್ಲ.

ರಕ್ತ ಎಷ್ಟು ಹೋಯಿತು ಎಂದು ಕೇಳಿದವರಿಗೆ ನಾನು ಇವತ್ತಿಗೂ ಹೇಳಿಲ್ಲ. ಗಾಯಕ್ಕೆ ನಂಜು ಏರಿ ನಾಲ್ಕನೇ ದಿನ ಎಡಗಾಲನ್ನು ಮೊಣಕಾಲಿನ ಮೇಲಿಂದ ತೆಗೆದರು.

ಏಪ್ರಿಲಿನಲ್ಲಿ ಅಂಗಡಿಯವನು ಮಿಷನ್ ನೋಡಲು ಬಂದ. ಟಿಜೋ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಮಡಿಲ ಮೇಲೆ ದುಪ್ಪಟಿ. ವಲ್ಸಾ ಚಹಾ ತಂದಿಟ್ಟು ಒಳಗೆ ಹೋದಳು.

ಅಂಗಡಿಯವನು ಮಿಷನನ್ನು ತಿರುಗಿಸಿ ನೋಡಿ, “ಚುಕ್ಕೆ ಮೂರೂ ಉಂಟು. ವಾರಂಟಿಗೆ ಎಂತ ತೊಂದರೆ ಇಲ್ಲ,” ಎಂದ. ಆಮೇಲೆ ಕೆಳಗಿನ ಸ್ಕ್ರೂವಿನ ಮೇಲೆ ಬೆರಳಿಟ್ಟ. “ಇದಕ್ಕೆ ಬಣ್ಣ ಇಡ್ಲಿಕ್ಕೆ ಇರ್ಲಿಲ್ಲ. ಮೇಲಿನ ಎರಡಕ್ಕೆ ಮಾತ್ರ. ಕೈತಪ್ಪಿ ಇದಕ್ಕೂ ಇಟ್ಟದ್ದು.”

ಮಿನು ಪುಸ್ತಕ ತಂದಳು. ಅಂದು ಮುಚ್ಚಿಸಿದ ಪುಟದ ಮುಂದಿನ ಪುಟ. “ಬೆರಳು ಬಿಟ್ಟ ಮೇಲೂ ಚೈನು ತಿರುಗಿದರೆ ಕೆಲಸ ನಿಲ್ಲಿಸಿ. ಈ ಸ್ಕ್ರೂವನ್ನು ನೀವೇ ಎಡಕ್ಕೆ...” ಎಂದು ಓದಿ, ಅಲ್ಲಿಗೇ ಬಿಟ್ಟಳು.

ಅಂಗಡಿಯವನು ಚುಕ್ಕೆ ಒಡೆದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. ಹಗ್ಗ ಎಳೆದ. ಮಿಷನ್ ಮೆತ್ತಗೆ ಗುಡುಗುಡು ಎಂದಿತು. ಚೈನು ಅಲ್ಲಾಡಲಿಲ್ಲ.

“ಇಷ್ಟೇಯಾ?” ಎಂದ ಟಿಜೋ.

“ಇಷ್ಟೇ.” ಅವನು ಮಿಷನ್ ನಿಲ್ಲಿಸಿ, ನೆಲ ನೋಡುತ್ತ ಕೇಳಿದ, “ಆ ದಪ್ಪ ಪ್ಯಾಂಟ್ ಹಾಕಿರ್ಲಿಲ್ವಾ? ಹಾಕಿದ್ರೆ ಇಷ್ಟು ಆಗ್ತಿರ್ಲಿಲ್ಲ.”

ಟಿಜೋ ನನ್ನ ಮುಖ ನೋಡಿದ.

“ಸೆಕೆ,” ಎಂದ ಟಿಜೋ. “ಸೆಕೆಗೆ ಹಾಕ್ಲಿಲ್ಲ.”

ಮತ್ತೆ ಅವನೇ ಹೇಳಿದ, “ಇದನ್ನು ಇನ್ನು ಮಾರುದೇ. ಚುಕ್ಕೆ ಪುನಃ ಇಟ್ಟು ಕೊಡಿ. ವಾರಂಟಿ ಉಂಟಂತ ತಗೊಳ್ಳುವವ್ರಿಗೆ ತೋರಿಸ್ಬೇಕಲ್ಲ.”

ಅಂಗಡಿಯವನ ಹತ್ತಿರ ಬಣ್ಣ ಇರಲಿಲ್ಲ. ಮಿನು ತನ್ನ ಉಗುರುಬಣ್ಣದ ಕುಪ್ಪಿ ತಂದುಕೊಟ್ಟಳು. ಅವನು ಚುಕ್ಕೆ ಇಟ್ಟು, ಗಾಳಿ ಊದಿ, ಬೈಕ್ ಹತ್ತಿ ಹೋದ.

ಅವನ ಬೈಕಿನ ಶಬ್ದ ದೂರವಾದ ಮೇಲೆ ನಾನು ತುರುಬಿನಿಂದ ಪಿನ್ನು ತೆಗೆದು ಮಿಷನಿನ ಎದುರು ಕುಕ್ಕರಗಾಲಲ್ಲಿ ಕೂತೆ. ಕೆಳಗಿನ ಸ್ಕ್ರೂವಿನ ಬಣ್ಣ ಇನ್ನೂ ಹಸಿಯಾಗಿತ್ತು. ಕೆರೆದೆ. ಸೀರೆಯ ಅಂಚಿನಿಂದ ಒರೆಸಿದೆ, ಹೊಳೆಯುವವರೆಗೆ ಒರೆಸಿದೆ.

“ಅದು ಹೋದ್ರೆ ಯಾರೂ ತಗೊಳ್ಳುದಿಲ್ಲ ಅಕ್ಕ,” ಎಂದ ಟಿಜೋ. ತಡೆಯಲಿಲ್ಲ.

“ಈ ಸ್ಕ್ರೂ ತಿರುಗಿಸ್ಬಹುದು ಅಂತ ತಗೊಳ್ಳುವವನಿಗೆ ನಾನೇ ಹೇಳ್ತೇನೆ.”

“ನೀವು ಹೇಳಿದ್ರೆ ಯಾರು ನಂಬ್ತಾರೆ?”

ನಾನು ಪಿನ್ನನ್ನು ಪುನಃ ತುರುಬಿಗೆ ಸಿಕ್ಕಿಸಿದೆ. ಎದ್ದು ಒಳಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಕಿತ್ತಳೆ ಪ್ಯಾಂಟನ್ನು ತಂದು ಮಡಚಿ ಮಿಷನಿನ ಜೊತೆ ಇಟ್ಟೆ. ಒಂದೇ ದಿನ ಹಾಕಿದ್ದು. ಎರಡೂ ಕಾಲು ಹೊಸತರ ಹಾಗೇ ಇದ್ದವು.