ಕುಂಕುಮ ಹಚ್ಚಿದ ಹಾರ್ಡ್‌ಡಿಸ್ಕ್

ಉಮೇಶ ವೈರು ಕಿತ್ತು ಮತ್ತೆ ಚುಚ್ಚಿದ. ಕಂಪ್ಯೂಟರು ಒಮ್ಮೆ ಸದ್ದು ಮಾಡಿ, ಜೋಡಿಸಿದ ವಸ್ತು ಯಾವುದೆಂದು ತನಗೆ ಗುರುತು ಸಿಗುತ್ತಿಲ್ಲ ಎಂಬ ಅದೇ ಸಾಲನ್ನು ಪರದೆಯ ಮೂಲೆಯಲ್ಲಿ ತೋರಿಸಿತು. ಹಾರ್ಡ್‌ಡಿಸ್ಕಿನ ನೀಲಿ ದೀಪ ಮಿಣುಕಿ ಆರಿಹೋಯಿತು.

ವೈರು ಬದಲಿಸಿದ್ದಾಗಿತ್ತು. ಮುಂದಿನ ಕಿಂಡಿ ಬಿಟ್ಟು ಕಂಪ್ಯೂಟರಿನ ಹಿಂದಿನ ಕಿಂಡಿಗೆ ಹಾಕಿ ನೋಡಿದ್ದಾಗಿತ್ತು. ಆರಿಸಿ ಹಚ್ಚಿದ್ದಾಗಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯಿಂದ ಲ್ಯಾಪ್‌ಟಾಪ್ ತಂದದ್ದೂ ಆಯಿತು, ಅದಕ್ಕೂ ಗುರುತು ಸಿಗಲಿಲ್ಲ.

"ಲೇ ಪೀರ, ಖರೇ ಹೇಳು. ಎಲ್ಲಿ ಕೆಡವಿದಿ?"

"ಕೆಡವಿಲ್ಲಣ್ಣ. ಟವೆಲ್‌ನಾಗ ಸುತ್ತಿ ಬ್ಯಾಗಿನ್ಯಾಗ ಇಟ್ಟಿದ್ದೆ" ಎಂದ ಹುಸೇನಪೀರ. ಉಮೇಶನ ಸ್ಟುಡಿಯೋದ ಮದುವೆಗಳಿಗೆಲ್ಲ ವಿಡಿಯೋ ತೆಗೆಯುವವನು ಅವನೇ. ದಸರೆ ಮುಗಿದ ಮೇಲೆ ಆಲ್ಬಮ್ ಮಾಡಿಸಲೆಂದು ಡಿಸ್ಕನ್ನು ಬೈಕಿನ ಮೇಲೆ ರಾಯಚೂರಿಗೆ ಒಯ್ದಿದ್ದ. ಅಲ್ಲಿ ತೆರೆಯಲಿಲ್ಲವೆಂದು ವಾಪಸು ತಂದಿದ್ದ.

"ಟವೆಲ್‌ನಾಗ ಸುತ್ತಾಕ ಅದೇನು ಕೂಸೇನು? ಇದು ಬರಲಿಲ್ಲಂದ್ರ ಕ್ಯಾಮೆರಾ ಇಲ್ಲಿಟ್ಟು ಹೋಗು. ಮುಂದಿನ ಮದುವಿಗೆ ಬ್ಯಾರೆದವನ್ನ ನೋಡ್ತೀನಿ."

ಹುಸೇನಪೀರ ನೆಲ ನೋಡಿದ. ಫೋಟೋ ಕತ್ತರಿಸುವ ಮೇಜಿನ ಹಿಂದೆ ಕೂತಿದ್ದ ಅಂಬಿಕಾ ಕೂಡ ನೆಲವನ್ನೇ ನೋಡಿದಳು.

ಅಂಬಿಕಾ ಮಸರಕಲ್‌ನವಳು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಹತ್ತಿ ಬಿಡಿಸುವ ಕೆಲಸಕ್ಕೆ ಹೋಗಿ, ಈಗ ದಿನಾ ಬಸ್ಸಿಗೆ ಬಂದು ದೇವದುರ್ಗದ ಈ ಸ್ಟುಡಿಯೋದಲ್ಲಿ ಫೋಟೋ ಕತ್ತರಿಸಿ ಅಂಟಿಸುತ್ತಾಳೆ. ಮಾತು ಕಡಿಮೆ. ಆದರೆ ಅವಳ ಕಣ್ಣು ತಪ್ಪಿಸಿ ಸ್ಟುಡಿಯೋದಲ್ಲಿ ಒಂದು ಗುಂಡುಸೂಜಿ ಕೂಡ ಕಳೆದುಹೋಗುತ್ತಿರಲಿಲ್ಲ. ಹಾಗಾಗಿಯೇ ಖಂಡೇಪೂಜೆಯ ತಯಾರಿಯನ್ನು ಉಮೇಶ ಅವಳಿಗೆ ಒಪ್ಪಿಸಿದ್ದ.

ಅವಳ ಮನೆಯಲ್ಲಿ ಖಂಡೇಪೂಜೆಯೆಂದರೆ ಕುಡುಗೋಲು, ಕುರ್ಪಿ, ಕೊಡಲಿಗಳನ್ನು ತೊಳೆದು ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದ ನೀರನ್ನು ಒಂದೊಂದರ ಮೇಲೂ ಚಿಮುಕಿಸುವುದು. ಚಿಮುಕಿಸದೆ ಬಿಟ್ಟ ಕುಡುಗೋಲು ಆ ವರ್ಷ ಕೈ ಕೊಯ್ಯುತ್ತದೆ ಎಂದು ಅವಳ ಅವ್ವ ಬೂದೆಮ್ಮ ನಂಬಿದ್ದಳು. ಸ್ಟುಡಿಯೋದಲ್ಲಿ ಅಂಬಿಕಾ ಕ್ಯಾಮೆರಾ, ಲೈಟು, ಕತ್ತರಿ, ಪ್ರಿಂಟರು ಎಲ್ಲವನ್ನೂ ಒರೆಸಿ ಜೋಡಿಸಿದಳು. ಹಾರ್ಡ್‌ಡಿಸ್ಕನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು. ನಾಲ್ಕು ಊರಿನ ಮದುವೆಗಳು ಅದರೊಳಗಿವೆ, ಅದಕ್ಕೇ ದೊಡ್ಡ ಮರ್ಯಾದೆ ಸಲ್ಲಬೇಕು ಅನಿಸಿತ್ತು. ಉಮೇಶ ಕಾಯಿ ಒಡೆದು, ನೀರಿನ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಫೋನು ಬಂತೆಂದು ಹೊರಗೆ ಹೋದ. ಉಳಿದವುಗಳ ಮೇಲೆ ಒಂದೊಂದು ಹನಿ ಬಿತ್ತು. ಡಿಸ್ಕಿನ ಮೇಲೆ ಚಿಮುಕಿಸುವಾಗ ಬಟ್ಟಲು ಬಾಗಿತು. ನೀರು ಕುಂಕುಮವನ್ನು ಎಳೆದುಕೊಂಡು, ವೈರು ಚುಚ್ಚುವ ಬಾಯಿಯೊಳಗೆ ಇಳಿಯಿತು.

ಅವಳು ಓಡ್ನಿಯಿಂದ ಒರೆಸಿದಳು. ತಿರುವಿ ಹಿಡಿದು ಜಾಡಿಸಿದಳು. ಅಷ್ಟರಲ್ಲಿ ಉಮೇಶ ಹುಸೇನಪೀರನ ಜೊತೆ ಒಳಬಂದು, "ನೋಡಲೇ ಪೀರ, ಪೂಜಿ ಅಂದ್ರ ಹಿಂಗ ಮಾಡಬೇಕು" ಎಂದ. ಆ ಮಾತಿನ ಮೇಲೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮರುದಿನ ಹುಸೇನಪೀರನಿಗೆ ಬನ್ನಿ ಕೊಟ್ಟಾಗ ಅವನು ನಕ್ಕು, "ಬಂಗಾರದಂಗ ಇರು ತಂಗಿ" ಎಂದಿದ್ದ. ಅವಳು ಆಗಲೂ ಹೇಳಲಿಲ್ಲ.

ಈಗ ಕಷ್ಟವಿದ್ದದ್ದು ಆಲ್ಬಮ್ಮಿನದಲ್ಲ. ಆ ಡಿಸ್ಕಿನಲ್ಲಿ ಮಾನ್ವಿಯ ಮೌನಪ್ಪನ ಮಗಳು ಉಮಾದೇವಿಯ ಮದುವೆಯಿತ್ತು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಬಳಸಿದ್ದರಿಂದ ಬೇರೆಲ್ಲೂ ಅದರ ನಕಲಿರಲಿಲ್ಲ. ಎಲ್ಲ ಸ್ಟುಡಿಯೋದವರಂತೆ ಉಮೇಶನೂ "ಮುಂದಿನ ವಾರ, ಮುಂದಿನ ವಾರ" ಎನ್ನುತ್ತ ವಿಡಿಯೋ ಕೊಟ್ಟಿರಲಿಲ್ಲ. ನಡುವೆ ಮಳೆಗಾಲದಲ್ಲಿ ಮೌನಪ್ಪನ ಹೆಂಡತಿ ಗೋಪಮ್ಮ ತೀರಿಕೊಂಡಳು. ದಸರೆಗೆ ಮುಂಚೆ ಮೌನಪ್ಪ ಮಾನ್ವಿಯಿಂದ ಬಂದು ಬೆಂಚಿನ ತುದಿಗೆ ಕೂತಿದ್ದ.

"ಪೂರಾ ಬ್ಯಾಡಪಾ" ಎಂದಿದ್ದ ಉಮೇಶನಿಗೆ. "ಊಟದ ಹಂದರದಾಗ ಆಕಿ ನನಗ ಬೈದಾಳ. ಬೀಗರಿಗಿಂತ ಮೊದ್ಲ ಎಲಿ ಮುಂದ ಕುಂತಿದ್ದೆ ನಾನು. ಅಷ್ಟು ಕೊಡು. ಫೋಟೋದಾಗ ಎಲ್ಲಾ ಕಡಿ ಗಪ್ಪನ ನಿಂತಾಳ, ಗಪ್ಪನ ನಿಂತ್ರ ಅದು ಆಕಿ ಅನಸಂಗಿಲ್ಲ."

"ಹಬ್ಬ ಆಗ್ಲಿ ಕಾಕಾ" ಎಂದಿದ್ದ ಉಮೇಶ.

ಹಬ್ಬ ಆಗಿತ್ತು.

ರಾಯಚೂರಿನಲ್ಲಿ ತೀನ್ ಕಂದೀಲ್ ಸರ್ಕಲ್ ಹತ್ತಿರ ಅನಿಲಕುಮಾರ ಎಂಬವನು ಕೆಟ್ಟ ಡಿಸ್ಕುಗಳನ್ನು ನೋಡುತ್ತಾನೆಂದು ಯಾರೋ ಹೇಳಿದರು. ಉಮೇಶ ಡಿಸ್ಕನ್ನು ಅಂಬಿಕಾಳ ಕೈಗೆ ಕೊಟ್ಟ. "ನೀ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಹೋಗು. ಪೀರನ ಕೈಯಾಗ ಕೊಡಬ್ಯಾಡ. ಅಂವ ಬರೇ ಅಂಗಡಿ ತೋರಸ್ಲಿ."

ಬಸ್ಸಿನಲ್ಲಿ ಹುಸೇನಪೀರ ಅವಳ ಹಿಂದಿನ ಸೀಟಿನಲ್ಲಿ ಕೂತ. ಮಸರಕಲ್ ದಾಟಿದ ಮೇಲೆ ಮುಂದಕ್ಕೆ ಬಾಗಿ ಕಿಟಕಿಯಾಚೆ ತೋರಿಸಿದ. "ಇಲ್ಲೇ ತಂಗಿ. ಈ ತಗ್ಗಿನ್ಯಾಗ ಗಾಡಿ ಎಗರಿತ್ತು. ಬ್ಯಾಗು ಬೆನ್ನಿಗೆ ಬಡೀತು. ಆವಾಗ ಹೋಗಿರಬೇಕು. ಅಣ್ಣಗ ಹೇಳಿಲ್ಲ ನಾನು."

"ಅಷ್ಟಕ್ಕ ಹೋಗಂಗಿಲ್ಲ ಪೀರಣ್ಣ."

"ನಿನಗೇನು ಗೊತ್ತದ?"

ಅವಳು ತೊಡೆಯ ಮೇಲಿನ ಡಿಸ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆ ಒಂದು ಮಾತನ್ನು ಹೇಳಿಬಿಟ್ಟಿದ್ದರೆ ಅವನ ಬೆನ್ನ ಮೇಲಿಂದ ಆ ತಗ್ಗಿನ ಭಾರ ಇಳಿದುಹೋಗುತ್ತಿತ್ತು. ಗಬ್ಬೂರು ಬರಲಿ, ಹೇಳುತ್ತೇನೆ ಅಂದುಕೊಂಡಳು. ಗಬ್ಬೂರಿನಲ್ಲಿ ಜನ ಹತ್ತಿ ಬಸ್ಸು ತುಂಬಿತು. ಜನರ ಮುಂದೆ ಹೇಗೆ ಎಂದು ತನಗೆ ತಾನೇ ಒಂದು ನೆವ ಕೊಟ್ಟುಕೊಂಡಳು. ಪೂಜೆ ಮಾಡಿ ಕೆಡಿಸಿದವಳು ಎಂದು ದೇವದುರ್ಗವೆಲ್ಲ ನಗುತ್ತದೆ, ಉಮೇಶಣ್ಣ ನಾಳೆಯಿಂದ ಬರಬೇಡ ಎನ್ನುತ್ತಾನೆ, ಮತ್ತೆ ಹತ್ತಿ ಹೊಲ.

ಅನಿಲಕುಮಾರನ ಅಂಗಡಿಯಲ್ಲಿ ಮೌನಪ್ಪ ಮೊದಲೇ ಬಂದು ಕೂತಿದ್ದ. ಉಮೇಶ ಫೋನಿನಲ್ಲಿ ವಿಷಯ ಹೇಳಿದ್ದಕ್ಕೆ ಮಾನ್ವಿಯಿಂದ ನೇರ ಇಲ್ಲಿಗೇ ಬಂದಿದ್ದ. ಬೈಯಲಿಲ್ಲ. "ಬರ್ರಿ, ಕುಂಡ್ರು ಯವ್ವಾ" ಎಂದು ಅಂಬಿಕಾಳಿಗೆ ಜಾಗ ಬಿಟ್ಟು ಸರಿದ.

ಅನಿಲಕುಮಾರ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದ. ದೀಪ ಮಿಣುಕಿ ಆರಿತು.

"ತಿರುಗೋ ಸಪ್ಪಳ ಇಲ್ಲ. ಬಿದ್ದಿತ್ತೇನ್ರಿ?"

"ಬಿದ್ದಿಲ್ಲ ಸರ್, ಬಡದದ" ಎಂದ ಹುಸೇನಪೀರ. "ನನ್ನ ಗಾಡಿ ತಗ್ಗಿನ್ಯಾಗ ಹಾರ್ತು. ನಂದ ತಪ್ಪು."

"ನೀರು ಗೀರು?"

"ಇಲ್ರಿ. ಮಳಿ ಇರಲಿಲ್ಲ."

ಅನಿಲಕುಮಾರ ಡಿಸ್ಕನ್ನು ಮೇಜಿನ ಮೇಲಿಟ್ಟ. "ಹಂಗಾದ್ರ ಒಳಗಿನ ಓದೋ ಮುಳ್ಳು ಸಿಕ್ಕೊಂಡಿರಬೇಕು. ಅದು ನನ್ನ ಕೈಲಿ ಆಗೋದಲ್ಲ, ಹೈದರಾಬಾದಿಗೆ ಹೋಗಬೇಕು. ಅಲ್ಲಿ ಸೀಲ್ ಒಡದು ಒಳಗಿನ ತಟ್ಟಿ ಬಿಚ್ಚತಾರ. ಒಮ್ಮಿ ಬಿಚ್ಚಿದ್ರ ಬಂದ್ರ ಬಂತು, ಇಲ್ಲಂದ್ರ ಪೂರಾ ಹೋತು. ಈಗ ಕೊರಿಯರ್‌ನವ ಬರ್ತಾನ. ಕಳಸ್ಲೇನು?"

"ಅದಕ್ಕಿಂತ ಮೊದ್ಲ ನೀವು ಒಮ್ಮಿ ಬಿಚ್ಚಿ ನೋಡಂಗಿಲ್ಲೇನು?" ಎಂದು ಮೌನಪ್ಪ ಕೇಳಿದ.

"ಪೆಟ್ಟು ಬಿದ್ದಿದ್ದನ್ನ ನಾವು ಬಿಚ್ಚಿದ್ರ ಅವ್ರು ಮುಟ್ಟಂಗಿಲ್ರಿ ಯಜಮಾನ್ರ."

ಮೌನಪ್ಪ ತನ್ನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಹಂಗಾರ ಕಳಸ್ರಿ" ಎಂದ.

ಅನಿಲಕುಮಾರ ಗುಳ್ಳೆ ಪ್ಲಾಸ್ಟಿಕ್ಕು ತೆಗೆದು ಡಿಸ್ಕಿಗೆ ಸುತ್ತತೊಡಗಿದ. ಒಂದು ಸುತ್ತು ಬಂತು. ಅಂಬಿಕಾ ಆ ಕೈಗಳನ್ನೇ ನೋಡುತ್ತಿದ್ದಳು. ಇಲ್ಲದ ಪೆಟ್ಟಿಗಾಗಿ ಅದನ್ನು ಸೀಳಲು ಕಳಿಸುತ್ತಿದ್ದಾರೆ, ತಾನು ಸುಮ್ಮನಿರುವುದರಿಂದ ಕಳಿಸುತ್ತಿದ್ದಾರೆ.

"ಸರ್, ಬಡದಿಲ್ಲ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

"ಏನವಾ?"

"ಬಡದಿಲ್ರಿ. ನೀರು ಹೋಗ್ಯದ. ಟೆಂಗಿನ ನೀರು. ಖಂಡೇಪೂಜಿ ದಿನ ನಾನೇ ಚಿಮುಕಿಸಿದೆ. ಬಟ್ಟಲ ಬಾಗ್ತು, ವೈರಿನ ಬಾಯಿಗೆ ಇಳೀತು. ಕುಂಕುಮನೂ ಹೋಗಿರಬೇಕು. ಪೀರಣ್ಣ ಒಯ್ಯೋದಕ್ಕಿಂತ ಮೊದ್ಲ."

ಅನಿಲಕುಮಾರ ಸುತ್ತಿದ್ದನ್ನು ಬಿಚ್ಚಿ, ಡಿಸ್ಕನ್ನು ಬೆಳಕಿಗೆ ಹಿಡಿದು ಕಿಂಡಿಯೊಳಗೆ ಇಣುಕಿದ.

"ಹಾರ್ಡ್‌ಡಿಸ್ಕಿಗೆ ಟೆಂಗಿನ ನೀರು" ಎಂದ. "ಎಳನೀರು ಸಿಗಲಿಲ್ಲೇನು?"

ಮೌನಪ್ಪ ಒಬ್ಬನೇ ಮೂಗಿನಲ್ಲಿ ನಕ್ಕ. ಅಂಬಿಕಾಳ ಕಿವಿ ಬಿಸಿಯಾಯಿತು.

ಅನಿಲಕುಮಾರ ಸಣ್ಣ ಚಾಕುವಿನಿಂದ ಹೊರಗಿನ ಪ್ಲಾಸ್ಟಿಕ್ ಕವಚವನ್ನು ಎಬ್ಬಿಸಿದ. ಒಳಗೆ ಕಬ್ಬಿಣದ ಡಬ್ಬಿಯಂಥ ನಿಜವಾದ ಡಿಸ್ಕು, ಅದರ ತುದಿಗೆ ಬೆರಳುದ್ದದ ಹಸಿರು ಬೋರ್ಡು. ವೈರು ಕೂಡುವ ಕಡೆ ಬೋರ್ಡಿನ ಮೇಲೆ ಬಿಳಿ ಹಕ್ಕಳೆ ಕಟ್ಟಿತ್ತು, ಅದರ ಅಂಚು ಕೆಂಪಗಿತ್ತು. "ಈ ಬೋರ್ಡು ಸತ್ತದ. ಡಬ್ಬಿ ಒಣಗಿದ್ದೇ ಅದ" ಎಂದು ಬೋರ್ಡನ್ನು ಕಿತ್ತು ಪಕ್ಕಕ್ಕಿಟ್ಟ. ಡಬ್ಬಿಯಲ್ಲಿ ವೈರು ಕೂಡುವ ಹಲ್ಲುಗಳನ್ನು ಸ್ಪಿರಿಟ್ ಹಚ್ಚಿದ ಬ್ರಶ್ಶಿನಿಂದ ಉಜ್ಜಿ, ಆರಲು ಬಿಟ್ಟು, ಬೇರೊಂದು ವೈರಿನಿಂದ ತನ್ನ ಕಂಪ್ಯೂಟರಿಗೆ ನೇರ ಜೋಡಿಸಿದ.

ಡಬ್ಬಿಯೊಳಗೆ ಏನೋ ತಿರುಗತೊಡಗಿದ ಸಣ್ಣ ಗುಂಯ್ ಎಂಬ ಸದ್ದು ಬಂತು. ಪರದೆಯ ಮೇಲೆ ಮದುವೆಗಳ ಹೆಸರುಗಳು ಒಂದರ ಕೆಳಗೊಂದು ಇಳಿದವು.

ಮಾನ್ವಿಯದನ್ನು ಮೊದಲು ನಕಲಿಸಿ ತೆರೆದರು. ಊಟದ ಹಂದರ ಬರುವವರೆಗೆ ಅನಿಲಕುಮಾರ ಓಡಿಸಿದ. ಎಲೆಯ ಮುಂದೆ ಕೂತ ಮೌನಪ್ಪ ಕಂಡ, ಅವನ ಹಿಂದಿನಿಂದ ಹಸಿರು ಸೀರೆಯ ಹೆಂಗಸು ಬಂದಳು. "ಏನ್ ಬರಗಾಲದಾಗ ಹುಟ್ಟೀರೇನು? ಬೀಗರು ನಿಂತಾರ, ಏಳ್ರಿ ಮ್ಯಾಲ. ಹೋಳಗಿ ಎಲ್ಲಿ ಓಡಿ ಹೋಗ್ತದ?"

ಬೆಂಚಿನ ಮೇಲಿದ್ದ ಮೌನಪ್ಪ ಅರ್ಧ ಎದ್ದೇಬಿಟ್ಟ. ಆಮೇಲೆ ಕೂತ. "ಇನ್ನೊಮ್ಮಿ ಹಚ್ಚಪಾ" ಎಂದ.

ಗೋಪಮ್ಮ ಮತ್ತೆ ಬೈದಳು. ಅಂಬಿಕಾ ಪರದೆ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಹುಸೇನಪೀರ ಯಾವಾಗಲೋ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತಿದ್ದ.

ಅವಳು ಹತ್ತಿರ ಹೋದಳು. "ಪೀರಣ್ಣ."

"ಬಸ್ಸಿನ್ಯಾಗ ನನ್ನ ಮುಂದ ಕುಂತಿದ್ದಿ" ಎಂದ ಅವನು, ತಿರುಗದೆ. "ನಾ ಆ ತಗ್ಗು ತೋರ್ಸೂಮುಂದ ನಿನಗ ಗೊತ್ತಿತ್ತು. ಮನ್ಯಾಗ ಅಮ್ಮಗ ಹೇಳಿನಿ, ನನ್ನಿಂದ ಒಬ್ರ ಮನಿ ಸತ್ತವ್ರ ದನಿ ಹೋತು ಅಂತ. ಅದು ವಾಪಸ್ ಸಿಗ್ಲಿ ಅಂತ ಆಕಿ ದರ್ಗಾಕ್ಕ ಹೋಗಿ ಸಕ್ಕರಿ ಹಂಚ್ಯಾಳ."

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಉಮೇಶನದು. ಹುಸೇನಪೀರ ನೋಡಿ, ಎತ್ತದೆ, ಅವಳ ಕೈಗೆ ಕೊಟ್ಟ.

"ಪೀರ, ಏನಾತಲೇ? ಏನಂದ ಅಂವ?"

"ನಾ ಅಂಬಿಕಾ ಮಾತಾಡ್ತೀನಣ್ಣ. ಬಂತು, ಎಲ್ಲಾ ಬಂತು. ಪೀರಣ್ಣಂದು ಏನೂ ತಪ್ಪಿಲ್ಲ. ಕಾಯಿ ನೀರು ನಾ ಚೆಲ್ಲಿದ್ದು. ಪೂಜಿ ದಿನ. ಒರಸಿ ಮುಚ್ಚಿಟ್ಟೆ." ಈ ಸಲ ಅವಳ ದನಿ ಅವಳಿಗೇ ಕೇಳಿಸಿತು, ರಸ್ತೆಯ ಗದ್ದಲದಲ್ಲೂ.

ಉಮೇಶ, "ನಿಂದು ಇಲ್ಲಿಗೆ ಬಂದ ಮ್ಯಾಲ ನೋಡೋಣ" ಎಂದ. ಆಮೇಲೆ, "ಪೀರಗ ಕೊಡು ಫೋನು. ಅಂವಗ ಒಂದು ಮಾತು ಹೇಳಬೇಕು" ಎಂದ.

ಅಂಬಿಕಾ ಫೋನನ್ನು ಚಾಚಿದಳು. ಹುಸೇನಪೀರ ಅದನ್ನು ನೋಡಿದ, ಬೇಡವೆಂದು ತಲೆಯಾಡಿಸಿದ, ಕೈ ಜೇಬಿನಲ್ಲಿಟ್ಟುಕೊಂಡು ರಸ್ತೆ ದಾಟಿ ಚಹಾದಂಗಡಿಯ ಕಡೆ ಹೋದ. ಅವಳು ಫೋನು ಹಿಡಿದುಕೊಂಡೇ, ಆಟೋಗಳ ನಡುವೆ ದಾರಿ ಮಾಡಿಕೊಳ್ಳುತ್ತ ಅವನ ಹಿಂದೆ ನಡೆದಳು.